ನೀರುಗಂಟಿಯ ಮಗಳ ಹಡಗು

ಆ ದಿನದ ಪುಟದಲ್ಲಿ ನನ್ನ ಡೈರಿ ಹೇಳುವುದು ಒಂದೇ ಸಾಲು: ‘ಬೆಳಿಗ್ಗೆ ಅಣ್ಣ ಕೂಗಿದ. ಇಡೀ ಹಡಗಿಗೆ ಕೇಳಿಸಿತು.’ ಇಡೀ ಹಡಗಿಗೆ ಕೇಳಿಸಿರಲಾರದು. ಹನ್ನೆರಡು ಅಂತಸ್ತಿನ ಹಡಗು ಅದು. ಬರೆಯುವಾಗ ನನಗೆ ಹಾಗೆ ಅನ್ನಿಸಿತ್ತು, ಅಷ್ಟೆ. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇತಿಹಾಸ ಪಾಠ ಮಾಡುತ್ತಿದ್ದೇನೆ. ಕಣ್ಣಾರೆ ಕಂಡೆ ಎನ್ನುವವರ ಮಾತನ್ನೂ ಇನ್ನೊಂದು ಆಧಾರ ಸಿಗುವವರೆಗೆ ನಂಬಬೇಡಿ ಎಂದು ಹುಡುಗರಿಗೆ ಹೇಳುತ್ತೇನೆ. ಈಗ ನಾನೇ ಕಣ್ಣಾರೆ ಕಂಡವಳಾಗಿ ಬರೆಯಲು ಕೂತಿದ್ದೇನೆ. ಸಾಲದ್ದಕ್ಕೆ ಮನಸ್ಸಿನಲ್ಲಿ ಹೆಮ್ಮೆ ತುಂಬಿಕೊಂಡಿದೆ. ಓದುವವರು ಅದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಹೋದವರು ಮೂವರು. ಅಣ್ಣ ಪುಟ್ಟಸ್ವಾಮಿ, ಅತ್ತಿಗೆ ಜಯಮ್ಮ ಮತ್ತು ನಾನು. ನನ್ನ ಯಜಮಾನರು ಅಣ್ಣನ ಎರಡು ಹಸು ನೋಡಿಕೊಳ್ಳಲು ಊರಿನಲ್ಲೇ ಉಳಿದರು. ನಮ್ಮೂರು ಪಾಂಡವಪುರದ ಹತ್ತಿರ. ಅಣ್ಣ ಅಲ್ಲಿನ ನೀರುಗಂಟಿ. ನಾಲೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಯಾವ ಹೊತ್ತಿಗೆ ಎಷ್ಟು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ಅವನ ಒಬ್ಬಳೇ ಮಗಳು ಚೈತ್ರ ಪ್ರವಾಸಿಗರ ಹಡಗೊಂದರಲ್ಲಿ ಮೂರನೇ ಅಧಿಕಾರಿ. ಇಂಗ್ಲೆಂಡಿನ ಸೌತಾಂಪ್ಟನ್ನಿನಿಂದ ಹೊರಟು, ಬೆಲ್ಜಿಯಂ ಮತ್ತು ಹಾಲೆಂಡ್ ಮುಟ್ಟಿ ನಾಲ್ಕು ದಿನಕ್ಕೆ ಹಿಂದಿರುಗುವ ಹಡಗು. ಅಲ್ಲಿ ಕೆಲಸ ಮಾಡುವವರು ಮನೆಯವರನ್ನು ಒಮ್ಮೆ ಕರೆಸಿಕೊಳ್ಳಬಹುದಂತೆ. ಅವಳು ಕರೆಸಿಕೊಂಡಳು.

ಅಣ್ಣ ಮಾತ್ರ ಊರು ನೋಡಲು ಹೊರಟವನಲ್ಲ. ಊರಿನ ಟೀ ಅಂಗಡಿಯಲ್ಲಿ ಕಾಳಣ್ಣ ಎಂಬ ಅವನ ಹಳೆಯ ಗೆಣೆಕಾರ ಒಂದು ದಿನ ಎಲ್ಲರೆದುರು, “ಅಡಗಲ್ಲಿ ಎಣ್ಮಕ್ಳು ಮಾಡೋದು ಎಂಜಲ್ ತಟ್ಟೆ ಎತ್ತೋ ಕೆಲ್ಸ ಕಣ್ಲಾ. ಆಫೀಸರ್ರು ಅಂತ ನಿಂಗೆ ಯೋಳವ್ಳೆ, ನೀನು ನಂಬಿದ್ದೀಯ,” ಎಂದುಬಿಟ್ಟಿದ್ದ. ಅಂದೇ ಅಣ್ಣ ಮಗಳಿಗೆ ಫೋನು ಮಾಡಿದ. “ಬಂದು ನೋಡ್ತೀನಿ. ನಂಗೆ ಸರಿ ಕಾಣ್ನಿಲ್ಲ ಅಂದ್ರೆ ನನ್ ಜತೇಲೇ ಬಂದ್ಬುಡ್ಬೇಕು.” ಅವಳು ಆಗಲಿ ಎಂದಳು. ನಾಗಮಂಗಲದ ಖಾಸಗಿ ಶಾಲೆಯೊಂದರಲ್ಲಿ ಅತ್ತಿಗೆಯ ತಮ್ಮ ಅವಳಿಗೆ ಲೆಕ್ಕದ ಟೀಚರ್ ಕೆಲಸ ನೋಡಿಯೂ ಇಟ್ಟಿದ್ದ.

ಇದರಲ್ಲಿ ನನ್ನ ಪಾಲೂ ಇತ್ತು. ಹಡಗಿನ ಕಾಲೇಜಿನ ಪರೀಕ್ಷೆಗೆ ಅವಳನ್ನು ಚೆನ್ನೈಗೆ ಕರೆದೊಯ್ದವಳು ನಾನು. “ಅದೂ ಒಂಥರಾ ಎಂಜಿನಿಯರಿಂಗೇ ಕಣಣ್ಣ” ಎಂದು ಅವನ ಕೈಲಿ ಸಹಿ ಹಾಕಿಸಿದವಳೂ ನಾನೇ. ಹಾಗಾಗಿ ಆ ನಾಲ್ಕು ದಿನ ನಾನೂ ಪರೀಕ್ಷೆಗೆ ಕೂತಂತೆಯೇ ಇದ್ದೆ.

ಸೌತಾಂಪ್ಟನ್

ಹಡಗನ್ನು ಮೊದಲು ಕಂಡಾಗ ಅತ್ತಿಗೆ, “ಇದೇನು ಮದ್ವೆ ಛತ್ರನಾ?” ಎಂದರು. ನನಗೂ ಅದು ತೇಲುವ ವಸ್ತುವಿನಂತೆ ಕಾಣಲಿಲ್ಲ. ದಡದ ಮೇಲೆ ಕಟ್ಟಿದ ಬಿಳಿ ಕಟ್ಟಡದ ಸಾಲಿನಂತೆ ಇತ್ತು. ಅಣ್ಣ ಪ್ಯಾಂಟು ಹಾಕಿಕೊಳ್ಳಲು ಒಪ್ಪಿದ್ದ, ಹೆಗಲ ಮೇಲಿನ ಟವೆಲ್ಲು ಬಿಡಲು ಒಪ್ಪಿರಲಿಲ್ಲ. ತಪಾಸಣೆಯಲ್ಲಿ ಅದನ್ನೂ ತೆಗೆದು ತಟ್ಟೆಯಲ್ಲಿಡು ಎಂದಾಗ ನಾಲ್ಕು ಮಡಿಕೆ ಮಾಡಿ ಇಟ್ಟ.

ಸಂಜೆ ಊಟದ ಹಾಲಿನಲ್ಲಿ ನಮಗೆ ಬಡಿಸಿದವರು ಗೋವಾ ಕಡೆಯ ಒಬ್ಬರು. ಐವತ್ತರ ಮೇಲಿನ ವಯಸ್ಸು, ಮೆಲುದನಿ. ಅತ್ತಿಗೆಗೆ ಮಾಂಸ ಆಗದೆಂದು ತಿಳಿದು ಅನ್ನ, ಬೇಳೆಯದೊಂದು ಸಾರು ಎಲ್ಲಿಂದಲೋ ತಂದರು. ಅಷ್ಟರಲ್ಲಿ ಚೈತ್ರ ಬಂದಳು. ಬಿಳಿ ಅಂಗಿ, ಭುಜದ ಮೇಲೆ ಚಿನ್ನದ ಬಣ್ಣದ ಪಟ್ಟಿ, ಬಿಗಿದು ಕಟ್ಟಿದ ಕೂದಲು. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ಅಣ್ಣ ಕುರ್ಚಿಯಲ್ಲಿ ನೆಟ್ಟಗಾಗಿ ಕೂತ.

ಅವಳು ನಮ್ಮ ಮೇಜಿಗೆ ನಾಲ್ಕು ಹೆಜ್ಜೆ ಇರುವಾಗ ಒಬ್ಬ ಮುದುಕರ ಕೈಯಿಂದ ತಟ್ಟೆ ಜಾರಿ ನೆಲಕ್ಕೆ ಬಿತ್ತು. ಚೈತ್ರ ಬಗ್ಗಿ ತಟ್ಟೆ ಎತ್ತಿದಳು. ಚೆಲ್ಲಿದ್ದನ್ನು ಅದೇ ತಟ್ಟೆಗೆ ಬಳಿದು, ಬಡಿಸುವವರ ಕೈಗೆ ಕೊಟ್ಟು, ಕೈ ಒರೆಸಿಕೊಂಡು ಬಂದಳು.

ಅಣ್ಣ ಬಾಯಿಗೆ ಒಯ್ದಿದ್ದ ತುತ್ತನ್ನು ಕೆಳಗಿಟ್ಟ. “ಕಾಳಣ್ಣ ಯೋಳಿದ್ದು ಸುಳ್ಳಲ್ಲ. ನಂಗೆ ಸರಿ ಕಾಣ್ನಿಲ್ಲ.”

“ಅಪ್ಪಾ, ಯಾರಾದ್ರೂ ಜಾರಿ ಬೀಳ್ತಾರೆ ಅಂತ ಎತ್ತಿದೆ.”

“ಎತ್ತಕ್ಕೆ ಬ್ಯಾರೆಯವ್ರು ಇಲ್ವಾ?”

ಆ ಬೇರೆಯವರು ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಅಣ್ಣನ ಕೈ ಯಾವುದರ ಕಡೆ ತೋರುತ್ತಿತ್ತು ಎಂಬುದು ಕಾಣುತ್ತಿತ್ತು. ಡೈರಿಯಲ್ಲಿ ನಾನು ಅವರ ವಿಷಯ ಬರೆದಿಲ್ಲ. ಆ ತಟ್ಟೆಯಿಂದಾಗಿ ನನಗೂ ಸಂಕಟವಾಗಿತ್ತು. ಅಣ್ಣನ ಮನಸ್ಸು ಕೆಡುತ್ತದಲ್ಲ ಎಂಬ ಸಂಕಟ ಎಂದುಕೊಂಡಿದ್ದೆ. ಅಷ್ಟೇ ಆಗಿತ್ತು ಎಂದು ಹೇಳಲು ಈಗ ಧೈರ್ಯ ಸಾಲದು. ದಿನಾ ಎರಡು ಹೊತ್ತು ನಮಗೆ ಪ್ರೀತಿಯಿಂದ ಬಡಿಸಿದವರ ಕೆಲಸವನ್ನೇ ನಾನೂ ಕೀಳೆಂದು ಎಣಿಸಿದ್ದೆ. ಮೂರನೆಯ ದಿನ ಅವರ ಹೆಸರು ಕೇಳಿದೆ. ಮೊದಲ ದಿನವೇ ಕೇಳಬೇಕಿತ್ತು.

ಬ್ರೂಜ್

ಬೆಲ್ಜಿಯಂನ ಈ ಊರಿನ ತುಂಬ ಕಾಲುವೆಗಳು. ಕಾಲುವೆಯ ಅಂಚಿಗೇ ಮನೆ, ಮನೆಯ ಗೋಡೆಗೇ ನೀರು. ನಾನು ಇಟ್ಟಿಗೆಯ ಗೋಪುರ ನೋಡಿ ಕತ್ತು ನೋಯಿಸಿಕೊಂಡೆ. ಹೊಸಹೊಳಲಿನ ಕೆತ್ತನೆಯ ಗುಡಿಗೆ ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಕರೆದೊಯ್ಯುವವಳು ನಾನು. ಅಲ್ಲಿ ಬಗ್ಗಿ ಬಗ್ಗಿ ನೋಡಬೇಕು, ಇಲ್ಲಿ ಆಕಾಶಕ್ಕೆ ಮುಖವೆತ್ತಿ ನೋಡಬೇಕು. ಹತ್ತಿರ ಹೋದಷ್ಟೂ ಹೆಚ್ಚು ಕಾಣುವುದು ನಮ್ಮ ಗುಡಿಯಲ್ಲೇ ಎಂದು ಅಲ್ಲಿ ನಿಂತು ತೀರ್ಮಾನಿಸಿದೆ. ಅದು ನ್ಯಾಯವಾದ ತೀರ್ಮಾನವೇ ಎಂದು ಯಾರೂ ಕೇಳಲಿಲ್ಲ.

ಅಣ್ಣ ಗೋಪುರದ ಕಡೆ ತಲೆ ಎತ್ತಲಿಲ್ಲ. ಸೇತುವೆಯ ಮೇಲೆ ನಿಂತು ಒಂದು ಎಲೆ ಕಿತ್ತು ನೀರಿಗೆ ಹಾಕಿದ. ಐದು ನಿಮಿಷ ನೋಡಿದ. ಎಲೆ ಇದ್ದಲ್ಲೇ ಇತ್ತು.

“ನಿಂತ ನೀರು ಕಣಮ್ಮಿ. ಶ್ರೀರಂಗಪಟ್ಣದ ಬಂಗಾರದೊಡ್ಡಿ ನಾಲೇಗೆ ಆಕಿದ್ರೆ ಇಷ್ಟೊತ್ಗೆ ಕಣ್ಗೇ ಕಾಣ್ತಿರ್ನಿಲ್ಲ.”

“ಇದು ದೋಣಿ ಓಡಾಡೋ ಕಾಲುವೆ ಅಣ್ಣ. ಗದ್ದೆಗೆ ಬಿಡಲ್ಲ.”

“ಗದ್ದೆಗೆ ಬುಡದಿದ್ಮ್ಯಾಲೆ ಇಷ್ಟೊಂದು ಯಾಕ್ ತೋಡುದ್ರು?”

ನನ್ನ ಹತ್ತಿರ ಉತ್ತರವಿತ್ತು. ಹಿಂದಿನ ವ್ಯಾಪಾರ, ಉಣ್ಣೆ, ಬಂದರು ಎಂದೆಲ್ಲ ಶುರು ಮಾಡಿದೆ. ಅವನು ಎಲೆಯನ್ನೇ ನೋಡುತ್ತಿದ್ದ.

ಚೌಕದಲ್ಲಿ ಜನ ಕುರ್ಚಿಗಳನ್ನು ಬಿಸಿಲಿಗೆ ತಿರುಗಿಸಿಕೊಂಡು, ಮುಖ ಮೇಲೆ ಮಾಡಿ, ಕಣ್ಣು ಮುಚ್ಚಿ ಸಾಲಾಗಿ ಕೂತಿದ್ದರು. “ಸಂಡಿಗೆ ಒಣಗಾಕ್ದಂಗೆ ಕೂತವ್ರಲ್ಲ!” ಎಂದು ಅತ್ತಿಗೆ ನಕ್ಕರು. ಆ ಬಿಸಿಲು ನೋಡಿಯೇ ಅವರಿಗೆ ಆಸೆಯಾಗಿರಬೇಕು. ಹಡಗಿಗೆ ಮರಳಿದವರೇ ಉಟ್ಟ ಕೆಂಪು ಸೀರೆಯನ್ನು ಒಗೆದು, ನಮ್ಮ ಕೋಣೆಯ ಹೊರಗಿನ ಕಂಬಿಗೆ ಕಟ್ಟಿ ಹರವಿದರು. ಹತ್ತು ನಿಮಿಷಕ್ಕೆ ಕೋಣೆಯ ಫೋನು ಬಡಿದುಕೊಂಡಿತು. ಚೈತ್ರ.

“ಅವ್ವಾ, ಸೀರೆ ಒಳಕ್ಕೆ ಎಳ್ಕ. ಹಡಗಿನ ಮೇಲೆ ಕೆಂಪು ಬಾವುಟ ಹಾರಿದ್ರೆ ಎಣ್ಣೆ ತುಂಬಿಸ್ತಾವ್ರೆ, ಹತ್ರ ಬರ್ಬೇಡಿ ಅಂತ ಅರ್ಥ. ಪಕ್ಕದ ಹಡಗಿನವ್ರು ನೋಡಿ ನಗ್ತಾವ್ರೆ.”

“ಬಾವುಟ ಯಾವ್ದು, ಸೀರೆ ಯಾವ್ದು ಅಂತ ಅವ್ರಿಗೆ ಗೊತ್ತಾಗಕಿಲ್ವಾ?” ಎಂದು ಬೈಯುತ್ತಲೇ ಅತ್ತಿಗೆ ಸೀರೆ ಎಳೆದುಕೊಂಡರು. ಆಮೇಲೆ ದನಿ ತಗ್ಗಿಸಿ, “ಬಟ್ಟೆಬರೆ ಜೋಡಿಸ್ಕಂಡ್ಯಾ ಮಗ?” ಎಂದು ಕೇಳಿದರು.

“ಜೋಡಿಸ್ದೆ. ಮಾತು ಕೊಟ್ಟಿದೀನಲ್ಲ.”

ಮುಂದಿನ ಆರು ತಿಂಗಳ ಕರಾರಿನ ಕಾಗದಕ್ಕೆ ಅವಳಿನ್ನೂ ಸಹಿ ಹಾಕಿರಲಿಲ್ಲ. ಕೊನೆಯ ದಿನ ಬೆಳಿಗ್ಗೆ ಕೊಡಬೇಕಿತ್ತು. ಅಣ್ಣ ಎಲ್ಲವನ್ನೂ ಕೇಳಿಸಿಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದ.

ಸಮುದ್ರದ ಬಾಗಿಲು

ಅಣ್ಣನಿಗೆ ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾಗುತ್ತದೆ, ದೇಶ ಯಾವುದಾದರೂ. ಐದೂವರೆಯ ಹೊತ್ತಿಗೆ ಹೊರಗೆ ಪೂರ್ತಿ ಬೆಳಕಾಗಿತ್ತು. “ಬಾರಮ್ಮಿ, ಎದುರ್ಗೆ ಏನೋ ಬಾಗ್ಲು ಕಾಣ್ತದೆ” ಎಂದು ನನ್ನನ್ನೂ ಎಬ್ಬಿಸಿ ಮೇಲಿನ ಡೆಕ್ಕಿಗೆ ಕರೆದೊಯ್ದ.

ಅದು ಆಮ್‌ಸ್ಟರ್‌ಡ್ಯಾಮಿಗೆ ಹೋಗುವ ಕಾಲುವೆಯ ಬಾಯಿ. ಸಮುದ್ರಕ್ಕೂ ಕಾಲುವೆಗೂ ನಡುವೆ ಕಾಂಕ್ರೀಟಿನ ಉದ್ದನೆಯ ತೊಟ್ಟಿ. ಅದರ ಎರಡು ತುದಿಗೂ ಒಂದೊಂದು ಬಾಗಿಲು. ಹಡಗು ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಕಾಲುವೆಯ ಮಟ್ಟಕ್ಕೆ ನೀರು ಇಳಿಸಿ, ಆಮೇಲೆ ಮುಂದಿನ ಬಾಗಿಲು ತೆಗೆಯುತ್ತಾರೆ. ಇದನ್ನು ನಾನು ಆಮೇಲೆ ತಿಳಿದುಕೊಂಡೆ. ಆಗ ನಮಗೆ ಕಂಡದ್ದು ಇಷ್ಟೆ. ಹಡಗು ಎರಡು ಗೋಡೆಗಳ ನಡುವೆ ನುಸುಳಿ ನಿಂತಿತು. ಹಿಂದೆ ಬಾಗಿಲು ಮುಚ್ಚಿತು. ಮುಂದೆಯೂ ಮುಚ್ಚಿದ ಬಾಗಿಲು. ಅದರಾಚೆ, ನಮ್ಮ ಹಿಂದಿದ್ದ ಸಮುದ್ರಕ್ಕಿಂತ ತಗ್ಗಿನಲ್ಲಿ ನೀರು, ದೂರದಲ್ಲಿ ಹಸಿರು.

ಅಣ್ಣ ಕಂಬಿ ಹಿಡಿದು ಪಕ್ಕದ ಗೋಡೆಯನ್ನು ನೋಡುತ್ತಿದ್ದ. ನೀರಿನ ಅಂಚಿನ ಮೇಲೆ ಒದ್ದೆಯ ಗೆರೆಯೊಂದು ಮೂಡಿತು. ಸ್ವಲ್ಪ ಹೊತ್ತಿಗೆ ಗೆರೆ ದಪ್ಪವಾಯಿತು.

“ನೀರು ಇಳೀತಾ ಅದೆ.”

“ಎಲ್ಲಿ?”

“ಒಂದ್ ಗೇಣು ಇಳ್ದದೆ. ಎರಡ್ ಬಾಗ್ಲೂ ಮುಚ್ಚವ್ರೆ, ನೀರು ಓಗೋ ದಾರಿ ಇಲ್ಲ. ಅಂಗಿದ್ರೂ ಇಳೀತದೆ ಅಂದ್ರೆ?”

ಅಂದರೆ ಏನು ಎಂಬುದು ನೀರುಗಂಟಿಗೆ ಗೊತ್ತು. ಮುಚ್ಚಿದ ನಾಲೆಯಲ್ಲಿ ನೀರು ಇಳಿದರೆ ಎಲ್ಲೋ ಏಡಿ ಬಿಲ ಮಾಡಿದೆ, ಏರಿ ಸೋರುತ್ತಿದೆ, ಇನ್ನರ್ಧ ಗಂಟೆಯಲ್ಲಿ ಕೆಳಗಿನ ಗದ್ದೆಯೆಲ್ಲ ಕೊಚ್ಚಿ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಯಾರನ್ನೂ ಕೇಳುತ್ತ ನಿಲ್ಲುವಂತಿಲ್ಲ, ಕೂಗಬೇಕು. ಕೂಗು ಕೇಳಿದವರು ಗುದ್ದಲಿ ಮಂಕರಿ ಹಿಡಿದು ಓಡಿಬರಬೇಕು.

ಅಣ್ಣ ಹೆಗಲ ಟವೆಲ್ಲು ಕಿತ್ತು ತಲೆಯ ಮೇಲೆ ಬೀಸತೊಡಗಿದ. “ಕೂ… ನೀರ್ ಇಳೀತದೆ! ಏರಿ ಒಡ್ದದೆ ಬನ್ರಪ್ಪೋ!”

ಡೆಕ್ಕಿನಲ್ಲಿ ಓಡುತ್ತಿದ್ದ ಹೆಂಗಸೊಬ್ಬಳು ನಿಂತಳು. ಕಾಫಿ ಹಿಡಿದಿದ್ದ ವಯಸ್ಸಾದ ಇಂಗ್ಲಿಷ್ ದಂಪತಿಗಳಲ್ಲಿ ಗಂಡ ಕಂಬಿಯ ಹತ್ತಿರ ಬಂದು ಬಗ್ಗಿ ನೋಡಿ, ನಿಜವಾಗಿಯೂ ಇಳಿಯುತ್ತಿದೆ ಎಂದು ಹೆಂಡತಿಗೆ ಹೇಳಿದ. ಅವಳು ಕಾಫಿ ಕೆಳಗಿಟ್ಟಳು. ಕಾವಲಿನವನೊಬ್ಬ ಓಡಿ ಬಂದು ಅಣ್ಣನ ತೋಳು ಹಿಡಿದ. ನಾನು ಇಂಗ್ಲಿಷಿನಲ್ಲಿ ಏನು ಹೇಳಿದೆನೋ ನೆನಪಿಲ್ಲ. ನಾಲೆ, ಏರಿ, ಏಡಿ ಎಲ್ಲವನ್ನೂ ವಿವರಿಸಲು ಹೋದೆ ಎಂದು ಕಾಣುತ್ತದೆ. ಗದ್ದಲಕ್ಕೆ ಎದ್ದು ಬಂದ ಅತ್ತಿಗೆ, “ಥೂ, ಇಲ್ಲೂ ಸುರು ಅಚ್ಕಂಡ್ರಾ ನೀರಿನ ಜಗ್ಳನ!” ಎಂದರು.

ಅಷ್ಟರಲ್ಲಿ ಅಣ್ಣ ಕೂಗುವುದನ್ನು ನಿಲ್ಲಿಸಿದ. ಅವನು ಮುಂದಕ್ಕೆ ನೋಡುತ್ತಿದ್ದ.

ಹಡಗು ನಡೆಸುವ ಕೋಣೆ ಎರಡು ಪಕ್ಕಕ್ಕೂ ರೆಕ್ಕೆಯಂತೆ ಹೊರಗೆ ಚಾಚಿಕೊಂಡಿದೆ. ಆ ರೆಕ್ಕೆಯ ತುದಿಯಲ್ಲಿ, ಗಾಜಿನ ಹಿಂದೆ, ಚೈತ್ರ ನಿಂತಿದ್ದಳು. ಒಂದು ಕೈಯಲ್ಲಿ ವಾಕಿಟಾಕಿ. ಗೋಡೆಯ ಮೇಲೆ ಕಣ್ಣು. ಅವಳಿಗೆ ಕೂಗು ಕೇಳಿಸಿರಲಿಕ್ಕಿಲ್ಲ, ಟವೆಲ್ಲು ಕಂಡಿತ್ತು. ಇದ್ದ ಜಾಗ ಬಿಟ್ಟು ಅವಳು ಕದಲುವಂತಿರಲಿಲ್ಲ. ನಮ್ಮ ಕಡೆ ಒಮ್ಮೆ ತಿರುಗಿ, ಬಿಡುವಾಗಿದ್ದ ಕೈಯನ್ನು ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ ಎರಡು ಸಲ ಒತ್ತಿದಳು.

ಮೊಬೈಲು ಬರುವ ಮೊದಲು ನಾಲೆಯ ಉದ್ದಕ್ಕೂ ನೀರುಗಂಟಿಗಳು ದೂರದಿಂದ ಒಬ್ಬರಿಗೊಬ್ಬರು ಹೀಗೆ ಕೈಸನ್ನೆ ಮಾಡುತ್ತಿದ್ದರು. ಎರಡು ಕೈ ಅಡ್ಡ ಹಾಕಿದರೆ ತೂಬು ಮುಚ್ಚು. ಅಂಗೈ ಕೆಳಗೆ ಒತ್ತಿದರೆ, ನನಗೆ ಗೊತ್ತು, ನನ್ನ ನಿಗಾದಲ್ಲಿದೆ, ನೀನು ಸುಮ್ಮನಿರು. ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದ ಕಾಲದಲ್ಲಿ ಅವಳು ಏರಿಯ ಮೇಲೆ ನಿಂತು ಇದನ್ನೆಲ್ಲ ಕಲಿತಿದ್ದಳು. ಎರಡು ಸಲ ಒತ್ತಿದಳು ಎಂದು ನಾನು, ಮೂರು ಸಲ ಎಂದು ಅಣ್ಣ. ಸನ್ನೆ ಅದೇ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ.

ಅಣ್ಣ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. “ಅವ್ಳು ನೋಡ್ಕತಾವ್ಳೆ. ಬುಡಪ್ಪ ಕೈಯ,” ಎಂದು ಕಾವಲಿನವನಿಗೆ ಕನ್ನಡದಲ್ಲೇ ಹೇಳಿದ. ಅವನು ಬಿಟ್ಟ.

ಆಮೇಲೆ ಅಣ್ಣ ಅಲ್ಲಿಂದ ಅಲುಗಲಿಲ್ಲ. ಗೆರೆ ಇಳಿಯುವುದು ನಿಂತಿತು. ಮುಂದಿನ ಬಾಗಿಲು ಮೆಲ್ಲಗೆ ಪಕ್ಕದ ಗೋಡೆಯೊಳಕ್ಕೆ ಸರಿದುಹೋಯಿತು. ಅಷ್ಟು ದೊಡ್ಡ ಹಡಗು ಗೋಡೆಗೆ ತಾಗದೆ ಈಚೆ ಬಂತು. ಅಷ್ಟೂ ಹೊತ್ತು ಅವನು ನೋಡಿದ್ದು ನೀರನ್ನಲ್ಲ, ಗಾಜಿನ ಹಿಂದಿದ್ದ ಮಗಳನ್ನು.

ಆಮ್‌ಸ್ಟರ್‌ಡ್ಯಾಮ್

ಹತ್ತು ಗಂಟೆಗೆ ಕೆಲಸ ಮುಗಿಸಿ ಚೈತ್ರ ಬಂದಳು. ಎರಡು ಗಂಟೆ ಬಿಡುವು. ಸಾಲು ಸೈಕಲ್ಲುಗಳ ನಡುವೆ ದಾರಿ ಮಾಡಿಕೊಂಡು ನಾಲ್ವರೂ ಕಾಲುವೆಯ ಪಕ್ಕದ ಕಲ್ಲು ಬೆಂಚಿನಲ್ಲಿ ಕೂತೆವು. ಈ ಊರಿನಲ್ಲಿ ಸೈಕಲ್ಲಿಗೆ ದಾರಿ ಬಿಡದವರನ್ನು ಯಾರೂ ಬೈಯುವುದಿಲ್ಲ, ಗಂಟೆ ಬಾರಿಸುತ್ತಾರೆ. ಬೈಗುಳವೇ ವಾಸಿ ಎನ್ನಿಸುವಷ್ಟು ಬಾರಿಸುತ್ತಾರೆ.

“ನಿನ್ ಮಾನ ಕಳ್ದೆ ಕಣವ್ವ,” ಎಂದ ಅಣ್ಣ. ಅವಳ ಮುಖ ನೋಡಲಿಲ್ಲ.

“ಕ್ಯಾಪ್ಟನ್ ಕೇಳಿದ್ರು, ಯಾರದು ಅಂತ. ನಮ್ಮಪ್ಪ, ನೀರು ಕಾಯೋ ಕೆಲ್ಸದವ್ರು, ನೀರು ಇಳಿದಿದ್ದು ನೋಡಿ ಕೂಗ್ತಾವ್ರೆ ಅಂದೆ.”

“ಬೈದ್ರಾ?”

“ಮುಂದಿನ ಸಲ ಮೊದ್ಲು ನಿನಗೆ ಹೇಳ್ಲಿ, ಆಮೇಲೆ ಊರಿಗೆ ಹೇಳ್ಲಿ ಅಂದ್ರು.”

ಅತ್ತಿಗೆ ನಕ್ಕರು. ಅಣ್ಣ ನಗಲಿಲ್ಲ. ಅವನ ತಲೆಯಲ್ಲಿ ಬೇರೇನೋ ಇತ್ತು. “ಸಮುದ್ರ ಮ್ಯಾಲದೆ, ಅಸು ಮೇಯೋ ಉಲ್ಲು ಕೆಳೀಕದೆ. ನಿಮ್ ಅಡಗಿನ್ ಜತೇಲಿ ಉಪ್ಪು ನೀರೂ ಒಳೀಕ್ ಬತ್ತದಲ್ಲ, ಗದ್ದೆ ಚೌಳಾಗಕಿಲ್ವಾ?”

“ಉಪ್ಪು ನೀರು ಭಾರ ಅಪ್ಪ, ತಳಕ್ಕೆ ಕೂರ್ತದೆ. ತಳದಿಂದ್ಲೇ ಅದನ್ನ ವಾಪಸ್ ಸಮುದ್ರಕ್ಕೆ ಬಿಡೋಕೆ ದಾರಿ ಮಾಡವ್ರೆ.”

ಇತಿಹಾಸ ಪಾಠ ಮಾಡುವ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಅಣ್ಣ ತಲೆಯಾಡಿಸಿದ. ಆಮೇಲೆ ಕೇಳಿದ, “ನೀನು ಆ ಮೂಲೇಲಿ ನಿಂತ್ಕಂಡು ಏನ್ ಯೋಳ್ತಿದ್ದೆ?”

“ಗೋಡೆಗೂ ಹಡಗಿಗೂ ಎಷ್ಟು ಜಾಗ ಅದೆ ಅಂತ. ಕ್ಯಾಪ್ಟನ್ ಆ ಕಡೆ ತುದೀಲಿ ಇರ್ತಾರೆ. ಈ ಕಡೆ ಅವ್ರಿಗೆ ಕಾಣಲ್ಲ.”

“ನೀ ತಪ್ಪು ಯೋಳಿದ್ರೆ?”

“ಹಡಗು ಗೋಡೆಗೆ ಉಜ್ಜುತ್ತೆ.”

“ಅವ್ರು ನಿನ್ ಮಾತ್ ಕೇಳ್ತಾರಾ?”

“ಕೇಳ್ಲೇಬೇಕಲ್ಲಪ್ಪ.”

ಅಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು ಎಂದು ಅತ್ತಿಗೆ ಈಗ ಎಲ್ಲರಿಗೂ ಹೇಳುತ್ತಾರೆ. ನನಗೆ ಕಂಡದ್ದು ಟವೆಲ್ಲು ಮಾತ್ರ. ಆದರೆ ನನ್ನ ಕಣ್ಣಿನ ವಿಷಯ ನನಗೆ ಗೊತ್ತು.

ಊರಿಗೆ ಬಾ ಎಂದಾಗಲಿ, ಬೇಡ ಎಂದಾಗಲಿ ಅವನು ಹೇಳಲಿಲ್ಲ. ಆ ದಿನವೂ ಹೇಳಲಿಲ್ಲ, ಮಾರನೆಯ ದಿನ ಸಮುದ್ರದ ಮೇಲೆಯೂ ಹೇಳಲಿಲ್ಲ.

ಮತ್ತೆ ಸೌತಾಂಪ್ಟನ್

ಕೊನೆಯ ಬೆಳಿಗ್ಗೆ ಇಳಿಯುವ ಸಾಲಿನಲ್ಲಿ ನಿಂತಿದ್ದಾಗ ಚೈತ್ರ ಬಂದಳು. ಸಮವಸ್ತ್ರವಿರಲಿಲ್ಲ. ಚೂಡಿದಾರ ಹಾಕಿದ್ದಳು, ಕೈಯಲ್ಲಿ ಸೂಟ್‌ಕೇಸು. ಅದರ ಮೇಲೆ ಸಹಿಯಿಲ್ಲದ ಕಾಗದದ ಲಕೋಟೆ. ಸರಿ ಕಾಣಲಿಲ್ಲ ಎಂದ ಮೇಲೆ ಅಪ್ಪ ಬೇರೇನೂ ಹೇಳಿರಲಿಲ್ಲ, ಹಾಗಾಗಿ ಕೊಟ್ಟ ಮಾತು ಹಾಗೆಯೇ ಇತ್ತು. ಮಗಳೂ ಅಪ್ಪನಂಥವಳೇ. ಕೇಳಿ ಬಿಡಿಸಿಕೊಳ್ಳುವ ಪೈಕಿ ಅಲ್ಲ.

ಮಾತಾಡಬೇಕು ಎಂದುಕೊಂಡೆ. ಒಂದು ಸಲ ನಾನು ಹೇಳಿದ ಅರ್ಧ ಸುಳ್ಳಿನಿಂದಲೇ ಇದು ಶುರುವಾದದ್ದು ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಅಣ್ಣ ಸೂಟ್‌ಕೇಸನ್ನು ನೋಡಿದ. “ಇದ್ಯಾಕ್ ತಂದೆ?”

“ನೀನೇ ಹೇಳಿದ್ದಲ್ಲಪ್ಪ.”

“ಈ ಅಡಗು ಮತ್ ಯಾವಾಗ ಒಂಟದೆ?”

“ಸಾಯಂಕಾಲ.”

“ಸಾಯಂಕಾಲಕ್ಕೆ ಒಂಟದೆ ಅಂತೀಯ, ಆ ಮೂಲೇಲಿ ನಿಂತ್ಕಳೋರು ಯಾರು?” ಅವನ ದನಿ ಏರಿತು. ಸಾಲಿನಲ್ಲಿದ್ದವರು ತಿರುಗಿದರು. “ನೀರು ಬುಟ್ಟಿರೋವಾಗ ತೂಬು ಬುಟ್ಟು ನಾನು ಯಾವತ್ತಾದ್ರೂ ಮನೇಗ್ ಬಂದಿದ್ನಾ? ನಿಮ್ಮವ್ವನ ಅಣ್ಣನ ಮದ್ವೇಗೇ ಓಗ್ನಿಲ್ಲ. ಕೇಳು ಬೇಕಾದ್ರೆ.”

“ಓಗ್ನಿಲ್ಲ,” ಎಂದರು ಅತ್ತಿಗೆ. ಆ ಸಿಟ್ಟು ಅವರಿಗೆ ಇನ್ನೂ ಇತ್ತು.

“ತಗಂಡೋಗು ವಾಪಸ್ಸು.”

ಚೈತ್ರ ಅಲ್ಲೇ ಸೂಟ್‌ಕೇಸಿನ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದಳು. ಪೆನ್ನು ನನ್ನದು. ಅಣ್ಣ ಸೂಟ್‌ಕೇಸನ್ನು ತಾನೇ ಎತ್ತಿ ಒಳಗೆ ನಾಲ್ಕು ಹೆಜ್ಜೆ ಹೊತ್ತ. ಇಳಿಯುವವರು ಹಿಂದೆ ಹೋಗುವಂತಿಲ್ಲ ಎಂದು ಕಾವಲಿನವನು ತಡೆದ. ಎರಡು ದಿನದ ಹಿಂದೆ ತೋಳು ಹಿಡಿದಿದ್ದವನೇ ಇರಬೇಕು, ಖಚಿತವಾಗಿ ಹೇಳಲಾರೆ. ಅಣ್ಣ ಸೂಟ್‌ಕೇಸನ್ನು ಮಗಳ ಕೈಗೆ ಕೊಟ್ಟು, ತಿರುಗಿ ನೋಡದೆ ಇಳಿದ.

ಊರು

ನಾಲೆಗೆ ನೀರು ಬಿಡಲು ಇನ್ನೂ ಮೂರು ವಾರವಿತ್ತು. ಟೀ ಅಂಗಡಿಯ ಬೆಂಚಿನಲ್ಲಿ ಅಣ್ಣ, ನಾನು. ಎದುರಿಗೆ ಕಾಳಣ್ಣ, ಅವನ ಹಿಂದೆ ಅರ್ಧ ಊರು.

“ಏನ್ಲಾ ಪುಟ್ಸಾಮಿ, ಮಗ್ಳುನ್ನ ಕರ್ಕಂಡೇ ಬತ್ತೀನಿ ಅಂದೋನು ಬರಿಗೈಲಿ ಬಂದಿದ್ದೀಯ?”

“ಅವ್ಳು ಡ್ಯೂಟಿ ಮ್ಯಾಲವ್ಳೆ.”

“ತಟ್ಟೆ ಎತ್ತೋ ಡ್ಯೂಟಿನಾ?”

“ಅದ್ನೂ ಎತ್ತವ್ಳೆ. ಮುದುಕ ಬಿದ್ದೋಯ್ತಾನೆ ಅಂತ ಎತ್ತುದ್ಲು. ಎತ್ತಿದ್ರೆ ಏನ್ಲಾ?” ಅಣ್ಣ ಟೀ ಲೋಟ ಕೆಳಗಿಟ್ಟ. “ನಮ್ಮೂರ್ ಎಲ್ಲಾ ಮನೆನೂ ಒಟ್ಗೆ ತುಂಬಿದ್ರೂ ಆ ಅಡಗು ತುಂಬಕಿಲ್ಲ. ಅಂತಾದ್ನ ಎರಡ್ ಗೋಡೆ ಮಧ್ಯಕ್ ನುಗ್ಸೋವಾಗ ನನ್ ಮಗ್ಳು ‘ಇಷ್ಟು ಜಾಗ ಅದೆ’ ಅಂತಾಳೆ. ಕ್ಯಾಪ್ಟನ್ನು ಅಷ್ಟೇ ತಿರುಗಿಸ್ತಾನೆ ಕಣ್ಲಾ. ಒಂದ್ ಗೇಣು ಎಚ್ಚಿಲ್ಲ, ಒಂದ್ ಗೇಣು ಕಮ್ಮಿಯಿಲ್ಲ.”

ಕಾಳಣ್ಣ ಅವನನ್ನು ನಂಬಲಿಲ್ಲ. ನನ್ನ ಕಡೆ ತಿರುಗಿದ. “ನೀವ್ ಓದ್ದೋರು, ನೀವ್ ಯೋಳಿ ತಾಯಿ. ದಿಟ್ವಾ?”

ಹಡಗು ನಡೆಸಲು ಯಂತ್ರಗಳೂ ಇವೆ, ಬೇರೆ ಅಧಿಕಾರಿಗಳೂ ಇದ್ದಾರೆ, ಗೇಣಿನ ಲೆಕ್ಕ ಅಣ್ಣನದೇ ಸೇರ್ಪಡೆ. ಇದೆಲ್ಲ ನನ್ನ ನಾಲಿಗೆಯ ತುದಿಗೆ ಬಂತು. ಅಣ್ಣ ನನ್ನನ್ನೇ ನೋಡುತ್ತಿದ್ದ.

“ದಿಟ ಕಣಣ್ಣ,” ಎಂದೆ.